ಒಂದು ಮಧ್ಯಾಹ್ನದ ಶೌರ್ಯ, ಐದು ವರ್ಷದ ಬಿಡಾರ

ಪ್ರತಿ ಸೆಪ್ಟೆಂಬರ್ 23ಕ್ಕೆ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಿಗೆ ಆವೇಶ ಬರುತ್ತದೆ. 1918ರ ಆ ದಿನ ಭರ್ಜಿ ಹಿಡಿದ ಮೈಸೂರಿನ ರಾವುತರು ಹೈಫಾದ ಮೆಷಿನ್‌ಗನ್ನುಗಳ ಎದುರು ಕುದುರೆ ನುಗ್ಗಿಸಿದ ಕಥೆ ಬೆಳಗಿನಿಂದ ರಾತ್ರಿಯವರೆಗೆ ಗುಂಪಿನಿಂದ ಗುಂಪಿಗೆ ಹಾರುತ್ತದೆ. ದೆಹಲಿಯ ಗೆಳೆಯರು ತೀನ್‌ಮೂರ್ತಿ ವೃತ್ತಕ್ಕೆ ಹೋಗಿ, ಹೈದರಾಬಾದ್, ಜೋಧಪುರ, ಮೈಸೂರುಗಳ ಹೆಸರಿನಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಪುಣೆಯಲ್ಲಿ ಕೂತು ಆ ಫೋಟೊಗಳಿಗೆ ಹೆಬ್ಬೆರಳು ಎತ್ತಿದವರಲ್ಲಿ ನಾನೂ ಒಬ್ಬ.

ಈಗ ಆ ಹೆಬ್ಬೆರಳಿನ ಬಗ್ಗೆಯೇ ನನ್ನ ತಕರಾರು.

ಮೈಸೂರು ಲ್ಯಾನ್ಸರ್ಸ್ ಪಡೆ ಊರು ಬಿಟ್ಟದ್ದು 1914ರ ಅಕ್ಟೋಬರಿನಲ್ಲಿ. ವಾಪಸು ಬಂದದ್ದು 1920ರಲ್ಲಿ. ಹೈಫಾದ ದಾಳಿ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಐದು ವರ್ಷಕ್ಕೂ ಮಿಕ್ಕ ಆ ಕಾಲದಲ್ಲಿ ನಾವು ನೆನೆಯುವುದು ಕೆಲವೇ ಗಂಟೆಗಳನ್ನು. ಉಳಿದ ದಿನಗಳಲ್ಲಿ ಅವರೇನು ಮಾಡುತ್ತಿದ್ದರು ಎಂದು ಯಾವ ಗುಂಪಿನಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅವರು ಕಾಯುತ್ತಿದ್ದರು. ಮೊದಲು ಸೂಯೆಜ್ ಕಾಲುವೆಯ ದಂಡೆಯಲ್ಲಿ ಕಾವಲು. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆಯ ಮೇಲೆ ಬಿದ್ದರು, ಹಿಮ್ಮೆಟ್ಟಿದರು. ಆಮೇಲೆ ಮತ್ತೆ ಮರಳು, ಮತ್ತೆ ಗಸ್ತು. ರಾವುತನ ದಿನ ತನ್ನ ಹೊಟ್ಟೆಯಿಂದ ಶುರುವಾಗುವುದಿಲ್ಲ, ಕುದುರೆಯ ಹೊಟ್ಟೆಯಿಂದ ಶುರುವಾಗುತ್ತದೆ. ಅದಕ್ಕೆ ನೀರು, ಮೇವು, ಮೈ ಉಜ್ಜುವುದು, ಗೊರಸು ನೋಡುವುದು, ಲದ್ದಿ ಬಾಚುವುದು, ಜೀನಿನ ತೊಗಲು ಒರೆಸುವುದು. ಅದೆಲ್ಲ ಆದ ಮೇಲೆ ಇವನ ರೊಟ್ಟಿ. ಮರಳುಗಾಡಿನಲ್ಲಿ ನೀರು ಒಂಟೆಯ ಬೆನ್ನೇರಿ ಬರಬೇಕು, ಇಲ್ಲವೇ ದಂಡಿನ ಹಿಂದೆ ಹಾಸುತ್ತ ಬಂದ ಕೊಳವೆಯಲ್ಲಿ ಬರಬೇಕು. 1918ರ ಬೇಸಿಗೆಯಲ್ಲಿ ಅವರ ದಳ ಇದ್ದದ್ದು ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಜೋರ್ಡಾನ್ ಕಣಿವೆಯಲ್ಲಿ. ಅಲ್ಲಿ ಉಸಿರು ಕಟ್ಟುವ ಸೆಕೆ, ಹಿಟ್ಟಿನಂಥ ಧೂಳು, ಚೇಳು, ಮಲೇರಿಯಾ.

ಹೈಫಾ ಗೆದ್ದ ಮೇಲೂ ಮನೆಗೆ ಹೋಗಲಿಲ್ಲ. ಕುದುರೆಗಳ ಮುಖ ಉತ್ತರಕ್ಕೆ ತಿರುಗಿತು. ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನಿನಲ್ಲಿ ಮತ್ತೊಂದು ಕಾಳಗ. ಅದೇ ವಾರಗಳಲ್ಲಿ ಡಮಾಸ್ಕಸ್ ಸುತ್ತ ಬೀಡುಬಿಟ್ಟಿದ್ದ ಅಶ್ವದಳಗಳಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂಡೊಯ್ದದ್ದು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ. ಆ ಇನ್‌ಫ್ಲುಯೆಂಜಾ ಅದೇ ಹೊತ್ತಿಗೆ ಮೈಸೂರು ಸಂಸ್ಥಾನದ ಊರುಗಳನ್ನೂ ಹೊಕ್ಕಿತ್ತು. ಯುದ್ಧಕ್ಕೆ ಹೋದವನು ಬದುಕಿದ್ದಾನೋ ಎಂದು ಮನೆಯವರು ಹಲುಬಬೇಕಾದ ಕಾಲದಲ್ಲಿ, ಮನೆಯವರು ಬದುಕಿದ್ದಾರೋ ಎಂದು ಯುದ್ಧಕ್ಕೆ ಹೋದವನೂ ಹಲುಬಬೇಕಾಗಿತ್ತು. ಕಾಗದ ಹಡಗಿನಲ್ಲಿ ಬರಬೇಕು, ತಿಂಗಳು ಹಿಡಿಯಬೇಕು. ನಮ್ಮ ಪೋಸ್ಟರಿನಲ್ಲಿ ಈ ಸಂಕಟಕ್ಕೆ ಜಾಗವಿಲ್ಲ. ಅಲ್ಲಿ ಕುದುರೆ ಸದಾ ಮುಂಗಾಲು ಎತ್ತಿಯೇ ಇರುತ್ತದೆ.

ಹಂಬಲವನ್ನು ಮುಚ್ಚಿಡುವ ಈ ಚಾಳಿ ನಾವು ಕಂಡುಹಿಡಿದದ್ದಲ್ಲ. ಫ್ರಾನ್ಸಿನಲ್ಲಿ ಹೋರಾಡುತ್ತಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಓದಲೆಂದೇ ಬ್ರಿಟಿಷರು ಸೆನ್ಸಾರ್ ಕಚೇರಿ ತೆರೆದಿದ್ದರು. ಊರಿನಲ್ಲಿ ದಿಗಿಲು ಹುಟ್ಟಿಸುವ, ಹೊಸಬರು ಸೇನೆಗೆ ಸೇರದಂತೆ ಮಾಡುವ ಮಾತು ದಾಟಿಹೋಗಬಾರದು ಎಂಬುದೂ ಅವರ ಉದ್ದೇಶವಾಗಿತ್ತು. ಸಿಪಾಯಿಗಳೂ ಪೆದ್ದರಲ್ಲ. ಕರಿಮೆಣಸು ಮುಗಿಯುತ್ತ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎನ್ನುವ ಧಾಟಿಯಲ್ಲಿ ಬರೆದರು. ಕರಿಮೆಣಸೆಂದರೆ ನಮ್ಮವರು, ಕೆಂಪು ಮೆಣಸೆಂದರೆ ಬಿಳಿಯರು. ಆ ಕಾಗದಗಳ ಎಷ್ಟೋ ಮಾತುಗಳು ಇಂದು ನಮಗೆ ಸಿಗುವುದು ಸೆನ್ಸಾರಿನವರು ಅನುವಾದಿಸಿ ವರದಿಗಳಲ್ಲಿ ಸೇರಿಸಿದ್ದರಿಂದ. ಬಾಯಿ ಮುಚ್ಚಿಸಲು ಕೂತವರೇ ಆ ದನಿಯನ್ನು ಉಳಿಸಿಟ್ಟರು. ಇಂದು ಸಂಬಳ ತೆಗೆದುಕೊಳ್ಳುವ ಸೆನ್ಸಾರು ಬೇಕಿಲ್ಲ. ಶೌರ್ಯದ ಸಾಲನ್ನು ಮಾತ್ರ ಫಾರ್ವರ್ಡ್ ಮಾಡಿ ಉಳಿದದ್ದನ್ನು ಬಿಟ್ಟುಬಿಡುವ ಕೆಲಸವನ್ನು ನಾವೇ ಪುಕ್ಕಟೆಯಾಗಿ ಮಾಡುತ್ತಿದ್ದೇವೆ. ಆ ಸೆನ್ಸಾರು ನಕಲನ್ನಾದರೂ ಉಳಿಸಿದ. ನಾವು ಅದನ್ನೂ ಮಾಡುವುದಿಲ್ಲ.

"ಇದನ್ನೆಲ್ಲ ಎತ್ತಿದರೆ ಸೈನಿಕರ ಸ್ಥೈರ್ಯ ಕುಗ್ಗುತ್ತದೆ" ಎನ್ನುವವರಿದ್ದಾರೆ. ಮನೆ ನೆನಪಾಗಿ ಅತ್ತವನು ಮರುದಿನ ಗುಂಡಿಗೆ ಎದೆಯೊಡ್ಡಲಾರ ಎಂದು ನಿಮಗೆ ಯಾರು ಹೇಳಿದರು? ಜೋರ್ಡಾನ್ ಕಣಿವೆಯಲ್ಲಿ ಜ್ವರದ ಬೇಸಿಗೆ ಕಳೆದ ದಳವೇ ಅಲ್ಲವೇ ಹೈಫಾದಲ್ಲಿ ಕುದುರೆ ಏರಿದ್ದು? ಹಂಬಲವಿಲ್ಲದವನ ಧೈರ್ಯಕ್ಕೆ ಬೆಲೆಯೇನು? ಕಳೆದುಕೊಳ್ಳಲು ಏನೋ ಇದೆ ಎಂದು ಗೊತ್ತಿದ್ದೂ ಮುಂದೆ ಹೋದದ್ದೇ ಅವರ ದೊಡ್ಡತನ. ಹಂಬಲವನ್ನು ಕಿತ್ತುಹಾಕಿದರೆ ಕೈಯಲ್ಲಿ ಉಳಿಯುವುದು ಕಂಚು.

ಕಂಚಿನವನಿಂದ ನಮಗೆ ಅನುಕೂಲವೂ ಇದೆ. ಅವನು ರಜೆ ಕೇಳುವುದಿಲ್ಲ. ಹಾಗಾಗಿ ಅವನನ್ನು ತೋರಿಸಿ ಬೇರೆಯವರ ಬಾಯನ್ನೂ ಮುಚ್ಚಿಸಬಹುದು. ಇದನ್ನು ನಾನೇ ಮಾಡಿದ್ದೇನೆ. ನಮ್ಮ ಕಸುಬಿನಲ್ಲಿ ಗೋ-ಲೈವ್ ಹತ್ತಿರ ಬಂದರೆ ಎಸಿ ಕೋಣೆಗೆ 'ವಾರ್ ರೂಮ್' ಎಂದು ಚೀಟಿ ಅಂಟಿಸುತ್ತೇವೆ. ಅಂಥದೊಂದು ವಾರ ನನ್ನ ತಂಡದ ಧಾರವಾಡದ ಹುಡುಗ ನಾಲ್ಕು ದಿನ ರಜೆ ಕೇಳಿದ. "ಸಿಯಾಚಿನ್‌ನಲ್ಲಿ ನಿಂತವರು ಹೀಗೆ ಕೇಳ್ತಾರೇನಪ್ಪಾ?" ಎಂದೆ. ಅವನು ತಲೆ ಎತ್ತದೆ, "ನಮ್ಮಣ್ಣ ಆರ್ಮಿಯಾಗ ಅದಾನ್ರೀ ಸರ್. ಅವನೂ ಕೇಳ್ಯಾನ, ಸಿಗವಲ್ದು. ಅವ್ವನ ಆಪರೇಷನ್ನಿಗೆ ಇಬ್ಬರಾಗ ಒಬ್ಬರರ ಹೋಗಬೇಕಲ್ರೀ" ಎಂದ. ರಜೆ ಕೊಟ್ಟೆ. ಆದರೆ ಆ ಮಾತಿಗೆ ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ. ಹಿಮದಲ್ಲಿ ನಿಂತವನನ್ನು ಅವನ ತಮ್ಮನ ವಿರುದ್ಧವೇ ಸಾಕ್ಷಿಗೆ ಎಳೆದಿದ್ದೆ.

ನಾವೂ ಊರು ಬಿಟ್ಟವರೇ. ಆದರೆ ದಯವಿಟ್ಟು ನಮ್ಮ ಹಂಬಲವನ್ನು ಅವರದ್ದರ ಪಕ್ಕ ಕೂರಿಸಬೇಡಿ. ನಮಗೆ ಶುಕ್ರವಾರ ರಾತ್ರಿಯ ಬಸ್ಸು ಇದೆ, ವಿಡಿಯೊ ಕಾಲ್ ಇದೆ, ಬೇಡವೆಂದರೆ ರಾಜೀನಾಮೆಯೂ ಇದೆ. ಸಂಬಂಧ ಹೇಳಿಕೊಳ್ಳುವ ಹಕ್ಕು ನಮಗಿಲ್ಲ, ಕೇಳಿಸಿಕೊಳ್ಳುವ ಕರ್ತವ್ಯ ಇದೆ.

ಆದ್ದರಿಂದ ನಮ್ಮ ಸಂಘಗಳಿಗೆ ಒಂದು ಮಾತು. ಪುಣೆಯಿರಲಿ, ದೆಹಲಿಯಿರಲಿ, ಸಿಕಂದರಾಬಾದ್ ಇರಲಿ, ದಂಡು ಪ್ರದೇಶಗಳಲ್ಲಿ ಕೊಡಗಿನವರು, ಬೆಳಗಾವಿ-ಬಾಗಲಕೋಟೆ ಕಡೆಯವರು, ಹಾಸನದವರು ಸೇವೆಯಲ್ಲಿದ್ದಾರೆ, ನಿವೃತ್ತರಾಗಿ ನೆಲೆಸಿದ್ದಾರೆ. ರಾಜ್ಯೋತ್ಸವಕ್ಕೆ ಅವರನ್ನು ಕರೆಸಿ ಶಾಲು, ಹಾರ, ಹಣ್ಣಿನ ತಟ್ಟೆ ಕೊಟ್ಟು ಎರಡು ನಿಮಿಷದಲ್ಲಿ ಇಳಿಸಿಬಿಡುತ್ತೇವೆ. ಈ ಸಲ ಶಾಲು ಬೇಡ. ಒಂದು ಗಂಟೆ ಮೈಕು ಕೊಡಿ. ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳಬೇಡಿ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದಿರಿ, ಏನು ತಿನ್ನುತ್ತಿದ್ದಿರಿ, ಮನೆಯ ಯಾವ ಸುದ್ದಿ ತಡವಾಗಿ ತಲುಪಿತು ಎಂದು ಕೇಳಿ. ಮನೆಯ ಟ್ರಂಕಿನಲ್ಲಿ ಹಳೆಯ ಇನ್‌ಲ್ಯಾಂಡ್ ಲೆಟರುಗಳಿದ್ದರೆ, ಅವರು ಒಪ್ಪಿದರೆ, ನಕಲು ಮಾಡಿ ಇಡಿ.

ಹೆಬ್ಬೆರಳು ಎತ್ತುವುದನ್ನು ಆಮೇಲೆ ನೋಡೋಣ.