ಅರ್ಬುದರೋಗವೂ ಚುಚ್ಚುಮದ್ದೂ

ಕೋಳಿಸಾಕಣೆಯಲ್ಲಿ ಹಣ ತೊಡಗಿಸಿರುವ ಜಮೀನ್ದಾರರು ಒಂದು ದಿನದ ಮರಿಗಳನ್ನು ತರಿಸುವಾಗ, ಅವುಗಳಿಗೆ ಮಾರೆಕ್ಸ್ ರೋಗದ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸಿಯೇ ಕೊಳ್ಳುತ್ತಾರೆ. ಈ ಎಚ್ಚರಿಕೆ ಶ್ಲಾಘ್ಯವಾದುದು. ಆದರೆ ಇದರಿಂದ ತಡೆಯಲ್ಪಡುವುದು ಒಂದು ಬಗೆಯ ಅರ್ಬುದರೋಗ, ಅಂದರೆ ಕ್ಯಾನ್ಸರ್, ಎಂಬುದನ್ನು ಅರಿತವರು ವಿರಳ. ಅಂತಹ ಮನೆಗಳಲ್ಲಿಯೇ ಹನ್ನೆರಡು ವರ್ಷದ ಮಗಳಿಗೆ ಗರ್ಭಕೊರಳಿನ ಅರ್ಬುದವನ್ನು ತಡೆಯತಕ್ಕ ಚುಚ್ಚುಮದ್ದಿನ ಮಾತೆತ್ತಿದರೆ, ಹಿರಿಯರು ಹಿಂಜರಿಯುವುದುಂಟು. ಕೋಳಿಗೆ ದೊರೆತ ವಿವೇಕದ ಫಲವು ಮಗಳಿಗೆ ದೊರೆಯದಿರುವುದು ವಿಷಾದಕರವಾದ ಸಂಗತಿ.

ವೈರಸ್ಸಿನಿಂದ ಅರ್ಬುದ ಹುಟ್ಟಬಹುದೆಂಬ ತಿಳಿವಳಿಕೆಗೆ ಕೋಳಿಯೇ ಮುಖ್ಯ ಆಧಾರವಾಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಪೇಟನ್ ರೌಸ್ ಎಂಬ ವಿದ್ವಾಂಸರು ಗಡ್ಡೆಯೆದ್ದ ಕೋಳಿಯೊಂದರಿಂದ ಆ ಗಡ್ಡೆಯನ್ನು ತೆಗೆದು ಅರೆದು, ಬ್ಯಾಕ್ಟೀರಿಯಗಳೂ ನುಸುಳಲಾರದ ಸೋಸಣಿಗೆಯಲ್ಲಿ ಶೋಧಿಸಿ, ಆ ರಸವನ್ನು ಆರೋಗ್ಯವಾಗಿದ್ದ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಅದೇ ಗಡ್ಡೆ ಬೆಳೆಯಿತು. 1911ರಲ್ಲಿ ಪ್ರಕಟವಾದ ಈ ಶೋಧನೆಯನ್ನು ನಂಬಿದವರು ಕೆಲವರೇ. ನೊಬೆಲ್ ಪಾರಿತೋಷಕ ಬಂದದ್ದು 1966ರಲ್ಲಿ. ಪಂಡಿತರೇ ಐವತ್ತೈದು ವರ್ಷ ತಡಮಾಡಿದ ಮೇಲೆ ಗ್ರಾಮಸ್ಥರ ಸಂಶಯವನ್ನು ಹಳಿಯುವುದು ನ್ಯಾಯವಲ್ಲ.

ಮಾರೆಕ್ಸ್ ರೋಗವನ್ನು ಹಂಗೆರಿಯ ಪಶುವೈದ್ಯ ಮಾರೆಕ್ ಎಂಬವರು 1907ರಲ್ಲಿಯೇ ವರ್ಣಿಸಿದ್ದರು. ಕೋಳಿಯು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದುಕೊಳ್ಳುತ್ತದೆ. ಕೊಯ್ದು ನೋಡಿದರೆ ಈಲಿ ಮೊದಲಾದ ಅಂಗಗಳಲ್ಲಿ ಗಡ್ಡೆಗಳು ಕಾಣುತ್ತವೆ. ವೈರಸ್ಸು ಗರಿಯ ಹೊಟ್ಟಿನ ಧೂಳಿನೊಡನೆ ಹರಡುತ್ತದೆ. 1970ರ ಸುಮಾರಿಗೆ, ಟರ್ಕಿಕೋಳಿಯ ನಿರುಪದ್ರವಿ ವೈರಸ್ಸಿನಿಂದ ಚುಚ್ಚುಮದ್ದು ಸಿದ್ಧವಾಯಿತು. ಅರ್ಬುದವನ್ನು ಚುಚ್ಚುಮದ್ದಿನಿಂದ ತಡೆಯಬಹುದೆಂದು ಮೊದಲು ತೋರಿಸಿಕೊಟ್ಟದ್ದು ಇದೇ. ಕೋಳಿಯ ಈ ರೋಗ ಮನುಷ್ಯರಿಗೆ ಅಂಟುವುದೆಂದು ಭಯಪಡಬೇಕಾಗಿಲ್ಲ.

ಮನುಷ್ಯರನ್ನು ಬಾಧಿಸುವ ವೈರಸ್ಸುಗಳೇ ಬೇರೆ. ಹೆಪಟೈಟಿಸ್ ಬಿ ಈಲಿಯ ಅರ್ಬುದಕ್ಕೆ ಕಾರಣವಾಗುತ್ತದೆ. ತೈವಾನಿನಲ್ಲಿ 1984ರಿಂದ ಶಿಶುಗಳಿಗೆ ಇದರ ಚುಚ್ಚುಮದ್ದು ಹಾಕಿದ್ದರಿಂದ ಮಕ್ಕಳಲ್ಲಿ ಆ ಅರ್ಬುದವು ಇಳಿಮುಖವಾಯಿತು. ಇನ್ನು ಪ್ಯಾಪಿಲೋಮ ಎಂಬ ವೈರಸ್ಸಿನ ಕೆಲವು ಬಗೆಗಳು ಗರ್ಭಕೊರಳಿನ ಅರ್ಬುದವನ್ನು ಉಂಟುಮಾಡುತ್ತವೆ; ದನಗಳ ನರಹುಲಿಗೆ ಕಾರಣವಾದ ವೈರಸ್ಸು ಇದರ ದಾಯಾದಿ. ಭಾರತದಲ್ಲಿ ಪ್ರತಿವರ್ಷ ಒಂದು ಲಕ್ಷಕ್ಕೂ ಮೀರಿದ ಹೆಂಗಸರು ಈ ರೋಗಕ್ಕೆ ತುತ್ತಾಗುತ್ತಾರೆ. ದಾಂಪತ್ಯ ಸಂಪರ್ಕದಿಂದ ಬರುವ ಈ ವೈರಸ್ಸು ಬಹುಮಂದಿಯಲ್ಲಿ ತಾನಾಗಿ ಅಳಿಯುತ್ತದೆ. ಕೆಲವರಲ್ಲಿ ಉಳಿದು, ಹಲವು ವರ್ಷಗಳ ಮೇಲೆ ಅರ್ಬುದವಾಗುತ್ತದೆ. ಆದಕಾರಣವೇ ಚುಚ್ಚುಮದ್ದನ್ನು 9ರಿಂದ 14 ವರ್ಷದೊಳಗೆ ಹಾಕಿಸತಕ್ಕದ್ದು. ಮದುವೆಯ ಮಾತುಕತೆ ಆರಂಭವಾದ ಮೇಲೆ ಯೋಚಿಸುವುದು ಪೈರು ಒಣಗಿದ ಮೇಲೆ ನೀರು ಹಾಯಿಸಿದಂತೆ.

ಎಲ್ಲ ಅರ್ಬುದವೂ ವೈರಸ್ಸಿನಿಂದಲೇ ಬರುವುದಿಲ್ಲ; ಹೊಗೆಸೊಪ್ಪಿನ ಅಪರಾಧ ಅಲ್ಪವಾದುದಲ್ಲ. ಅಂಟತಕ್ಕದ್ದು ವೈರಸ್ಸೇ ಹೊರತು ಅರ್ಬುದವಲ್ಲ. ರೋಗಿಯ ತಟ್ಟೆಲೋಟಗಳನ್ನು ಬೇರೆಯಿಡುವ ಪದ್ಧತಿ ನಿಷ್ಕಾರಣವಾದ ಕ್ರೌರ್ಯ. ಈ ಮದ್ದಿನಿಂದ ಬಂಜೆತನ ಬರುವುದೆಂಬ ವದಂತಿಗೂ ಆಧಾರವಿಲ್ಲ.

ಊರಿನ ಮುಖ್ಯಸ್ಥರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಅವರ ಮನೆಯ ಹೆಣ್ಣುಮಕ್ಕಳೇ ಮೊದಲು ಹಾಕಿಸಿಕೊಂಡರೆ ಕೇರಿಯ ಉಳಿದವರು ತಾವಾಗಿ ಮುಂದೆ ಬರುವರು. ವಯಸ್ಸು ಮೀರಿದವರಿಗೂ ದಾರಿಯುಂಟು: 30 ವರ್ಷ ದಾಟಿದ ಹೆಂಗಸರು ಆರೋಗ್ಯಕೇಂದ್ರದಲ್ಲಿ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಂಡಲ್ಲಿ, ಅರ್ಬುದವಾಗುವ ಮುನ್ನವೇ ದೋಷವನ್ನು ಕಂಡು ನಿವಾರಿಸಬಹುದು. ಕಳೆ ಕೀಳುವ ಕಾಲದಲ್ಲಿ ಕೂಲಿ ಹೋಗುವುದೆಂದು ಹೆಂಗಸರು ಪರೀಕ್ಷೆಗೆ ಹೋಗರು. ಅಂದಿನ ಅರ್ಧದಿನದ ಕೂಲಿಯನ್ನು ಹಿಡಿಯದೆ ಬಿಡುವುದು ಜಮೀನ್ದಾರರ ಕೈಯಲ್ಲಿಯೇ ಇದೆ.