ಹರಟೆಯ ಉಪಯೋಗ

ಆಟಗಾರರು ಮೈದಾನದಲ್ಲಿ ಆಡುವರು. ಅಭಿಮಾನಿಗಳು ಕಾಫಿಯ ಲೋಟದ ಮುಂದೆ ಆಡುವರು. ಚೆಂಡಿನ ತಿರುವಿನಿಂದ ಹೊರಟ ಮಾತು ಮಂತ್ರಿಮಂಡಲವನ್ನು ಸುತ್ತಿ ಅಕ್ಕಿಯ ಬೆಲೆಗೆ ಬಂದು ನಿಲ್ಲುವುದು. ಇದು ಬರಿಯ ಕಾಲಹರಣವೆಂದು ಹಳಿಯುವವರು ಒಂದು ಸಂಗತಿಯನ್ನು ನೆನೆಯಬೇಕು.

1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಸರ್ಕಾರದ ಕಾಗದಕ್ಕೆ ಹೆಸರು ಒಂದೇ ದಿನದಲ್ಲಿ ಬಂದೀತು. ನಾಲಗೆಗೆ ಬರಲು ಬಳಕೆ ಬೇಕು. 1974ರ ರಣಜಿ ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆಯಿತು. ಪ್ರಸನ್ನ ಗಾವಸ್ಕರರನ್ನು ಬೋಲ್ಡ್ ಮಾಡಿದರು. ವಿಶ್ವನಾಥ್ ಶತಕ ಹೊಡೆದರು. ಸತತವಾಗಿ 15 ಬಾರಿ ಪ್ರಶಸ್ತಿ ಗೆದ್ದಿದ್ದ ಮುಂಬಯಿ ಮೊದಲ ಇನ್ನಿಂಗ್ಸಿನ ಲೆಕ್ಕದಲ್ಲಿ ಹಿಂದೆ ಬಿದ್ದಿತು. ಆ ವರ್ಷದ ಪ್ರಶಸ್ತಿ ಕರ್ನಾಟಕಕ್ಕೆ ಬಂದಿತು.

ಮೈಸೂರಿನವರಾಗಲಿ, ಧಾರವಾಡದವರಾಗಲಿ, ಆ ಗೆಲುವನ್ನು ಹರಟಬೇಕಾದರೆ ಹೊಸ ಹೆಸರನ್ನೇ ಉಚ್ಚರಿಸಬೇಕಷ್ಟೆ! ಹೆಸರಿಡುವುದು ಶಾಸನ, ಕರೆದು ಕರೆದು ಅದನ್ನು ರೂಢಿಸುವುದು ಹರಟೆ.