ಸರ್ಟಿಫಿಕೇಟಿಗೆ ಬೆಳ್ಳಿಯ ತೂಕವಿಲ್ಲ

“ನಕಲಿಯಾದರೇನಂತೆ, ನೋಡೋಕೆ ಚೆನ್ನಾಗಿದೆಯಲ್ಲ!” ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೇಳಿದವರು ನಮ್ಮ ಯಜಮಾನರೇ ಆದ್ದರಿಂದ ಆವತ್ತು ತುಸು ಹೆಚ್ಚೇ ಉರಿಯಿತು.

ವಿಷಯ ಇಷ್ಟೆ. ಅಮೆರಿಕದಿಂದ ರಜೆಗೆ ಬಂದ ಮಗ ಅಪ್ಪನಿಗೆಂದು ಒಂದು ನಾಣ್ಯ ತಂದ. ಫ್ಲಾರಿಡಾದ ಕಡಲತೀರದ ಯಾವುದೋ ಅಂಗಡಿಯಲ್ಲಿ 90 ಡಾಲರ್ ಕೊಟ್ಟು ಕೊಂಡದ್ದು. ಮುಳುಗಿದ ಹಡಗಿನಲ್ಲಿ ಸಿಕ್ಕ ಸ್ಪೇನಿನ ಎಂಟು ರಿಯಾಲಿನ ಬೆಳ್ಳಿ ನಾಣ್ಯವಂತೆ. ಮಖಮಲ್ಲಿನ ಪೆಟ್ಟಿಗೆ, ಜೊತೆಗೆ ಮುದ್ರೆಯೊತ್ತಿದ ಸರ್ಟಿಫಿಕೇಟು. ಮನೆಗೆ ಬಂದವರೆಲ್ಲ ಓದಿ ತಲೆದೂಗಿದ್ದು ಆ ಸರ್ಟಿಫಿಕೇಟನ್ನು. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರೂ ಇಲ್ಲ.

ನಾನು ಹಿಡಿದೆ. ಹಗುರವೆನಿಸಿತು. ಕುಂಕುಮದ ಬಟ್ಟಲು, ಕಾಲುಗೆಜ್ಜೆ ಎಂದು ಮೂವತ್ತು ವರ್ಷ ಬೆಳ್ಳಿ ಕೊಂಡ ಕೈಗೆ ಅಷ್ಟು ತಿಳಿಯದೆ? ನಾವು ಮಾಮೂಲಾಗಿ ಹೋಗುವ ಸರಾಫರ ಅಂಗಡಿಗೆ ಒಯ್ದೆ. ತಕ್ಕಡಿ 21 ಗ್ರಾಂ ತೋರಿಸಿತು. “ಅಮ್ಮಾವ್ರೆ, ಇದು ಬೆಳ್ಳಿಯಲ್ಲ” ಎಂದು ಅವರು ಮೆಲ್ಲನೆ ಹೇಳಿದರು.

ಆಮೇಲೆ ಪುಸ್ತಕ ತಿರುವಿದೆ. ನಿಜವಾದ ಎಂಟು ರಿಯಾಲಿನ ತೂಕ ಸುಮಾರು 27 ಗ್ರಾಂ. ಸವೆದರೆ ಸ್ವಲ್ಪ ಇಳಿದೀತು, ಆರು ಗ್ರಾಂ ಇಳಿಯುವುದಿಲ್ಲ. “ಆಯಸ್ಕಾಂತಕ್ಕೆ ಅಂಟಲಿಲ್ಲವಲ್ಲ” ಎಂದರು ಇವರು. ತವರವೂ ಅಂಟುವುದಿಲ್ಲ, ಸೀಸವೂ ಅಂಟುವುದಿಲ್ಲ. ಅಂಟಿದರೆ ನಕಲಿ ಎಂದು ಹೇಳಬಹುದು. ಅಂಟದಿದ್ದ ಮಾತ್ರಕ್ಕೆ ಅಸಲಿಯಾಗದು.

ದೊಡ್ಡ ಸುಳ್ಳು ನಾಣ್ಯದ ಮೇಲೆಯೇ ಇತ್ತು. ಒಂದು ಕಡೆ ರಾಜನ ಮುಖ, ಕೆಳಗೆ 1768 ಎಂಬ ಇಸವಿ. ಮೆಕ್ಸಿಕೋದ ಟಂಕಸಾಲೆ 1732ರಿಂದ ಯಂತ್ರದಲ್ಲಿ ಅಚ್ಚೊತ್ತಿದ ಎಂಟು ರಿಯಾಲಿನ ಮೇಲೆ ಮುಖವೇ ಇರಲಿಲ್ಲ. ಅಲೆಗಳ ಮೇಲೆ ಕಿರೀಟ ತೊಟ್ಟ ಎರಡು ಕಂಬ, ನಡುವೆ ಭೂಗೋಳದ ಎರಡು ಅರ್ಧ, ಅಷ್ಟೆ. ಬೆಳ್ಳಿಯ ಮೇಲೆ ರಾಜನ ಮುಖ ಬಂದದ್ದು 1772ರಲ್ಲಿ. ಮುಖದ ನಾಣ್ಯದ ಅಂಚಿನಲ್ಲಿ ಒಂದು ದುಂಡು, ಒಂದು ಚೌಕ ಎಂದು ಸಾಲಾಗಿ ಚಿತ್ತಾರವಿರಬೇಕು. ಬೆಳ್ಳಿ ಕೆರೆದು ಕದಿಯುವವರನ್ನು ತಡೆಯಲು ಮಾಡಿದ ಉಪಾಯ ಅದು. ನಮ್ಮದರ ಅಂಚಿನಲ್ಲಿ ಇದ್ದದ್ದು ಎರಕದ ಎರಡು ಹೋಳು ಕೂಡಿಸಿದ ಗೆರೆ.

ಮನೆಯಲ್ಲಿ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ನೀರಿನ ಲೋಟವನ್ನು ಅದರ ಮೇಲಿಟ್ಟು, ನಾಣ್ಯವನ್ನು ದಾರ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. 27 ಗ್ರಾಮಿನ ಅಸಲಿ ನಾಣ್ಯವಾದರೆ ತಕ್ಕಡಿ ಸುಮಾರು 2.6 ಗ್ರಾಂ ಹೆಚ್ಚು ತೋರಿಸಬೇಕು. ಆದರೆ ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ಹಳೆಯ ನಾಣ್ಯ ತಿಕ್ಕಿದಷ್ಟೂ ಬೆಲೆ ಕಳೆದುಕೊಳ್ಳುತ್ತದೆ.

ನಕಲಿಯ ಮೇಲೆ ನನಗೆ ಹಗೆಯಿಲ್ಲ. ಒಂದು ಗ್ರಾಂ ಬಂಗಾರದ ಸರ ನಾವು ಹಾಕಿಕೊಳ್ಳುವುದಿಲ್ಲವೆ? ಹಾಕಿಕೊಳ್ಳುವುದು ತಪ್ಪಲ್ಲ, ಅದನ್ನೇ ಅಪ್ಪಟ ಚಿನ್ನವೆಂದು ಮಾರುವುದು ಮೋಸ. ಅಮೆರಿಕದಲ್ಲಿ 1973ರಿಂದಲೇ ನಕಲು ನಾಣ್ಯದ ಮೇಲೆ ‘ಕಾಪಿ’ ಎಂದು ಒತ್ತಬೇಕೆಂಬ ಕಾನೂನಿದೆ; 2014ರಲ್ಲಿ ಅದನ್ನು ಮಾರುವವರಿಗೂ ಬಿಗಿಗೊಳಿಸಿದರು. ಆ ಒಂದು ಪದ ಒತ್ತಲು ಎಷ್ಟು ಖರ್ಚು? ಒತ್ತದೆ ಬಿಟ್ಟದ್ದು ಮರೆವಿನಿಂದಲ್ಲ. ಸರ್ಟಿಫಿಕೇಟು ಬರೆದವನೂ ಮಾರಿದವನೂ ಒಬ್ಬನೇ ಆದಾಗ ಆ ಕಾಗದ ಸಾಕ್ಷಿಯಲ್ಲ, ಜಾಹೀರಾತು.

“ಹೋಗಲಿ ಬಿಡು, ತೊಂಬತ್ತು ಡಾಲರ್ ತಾನೆ” ಎಂದ ಮಗ. ಪ್ರಶ್ನೆ ದುಡ್ಡಿನದಷ್ಟೇ ಅಲ್ಲ ಮಗು. ಈ ಬೆಳ್ಳಿಯ ಬಹುಪಾಲು ಬಂದದ್ದು ಮೆಕ್ಸಿಕೋದಿಂದ, ಮತ್ತೆ ಈಗಿನ ಬೊಲಿವಿಯಾದ ಪೊಟೊಸಿ ಬೆಟ್ಟದಿಂದ. 1570ರ ದಶಕದಿಂದ ಪೊಟೊಸಿಯ ಸುತ್ತಲ ಸೀಮೆಗಳ ಮೂಲನಿವಾಸಿ ಗಂಡಸರಲ್ಲಿ ಏಳಕ್ಕೊಬ್ಬರಂತೆ ಸರದಿಯ ಮೇಲೆ ಗಣಿಗೆ ಅಟ್ಟುತ್ತಿದ್ದರು. ಆ ಬಲವಂತದ ಚಾಕರಿ ಕಾನೂನಿನಿಂದ ರದ್ದಾದದ್ದು 1812ರಲ್ಲಿ. ಎಷ್ಟು ಹೆಂಗಸರು ಗಂಡನ ದಾರಿ ಕಾದು ಕೂತಿದ್ದರೋ! ಅದೇ ಬೆಳ್ಳಿ ಪೋರ್ಚುಗೀಸರ, ಡಚ್ಚರ, ಇಂಗ್ಲಿಷರ ಹಡಗುಗಳಲ್ಲಿ ನಮ್ಮ ದೇಶಕ್ಕೂ ಬಂದು ಮೆಣಸಿಗೆ, ಬಟ್ಟೆಗೆ ಬೆಲೆಯಾಯಿತು. ಕರಗಿ ರೂಪಾಯಿಯೂ ಆಯಿತು. ಅಸಲಿ ನಾಣ್ಯ ಹಿಡಿದರೆ ಅಷ್ಟು ಜನರ ಬೆವರು ಕೈಗೆ ತಾಗುತ್ತದೆ. ತವರದ ಬಿಲ್ಲೆಯನ್ನು ಅದರ ಜಾಗದಲ್ಲಿ ಕೂರಿಸುವುದು ಅವರ ಕತೆಯನ್ನು ಅಳಿಸಿದಂತೆ.

ನಮಗೆ ಇದೆಲ್ಲ ತಿಳಿಯದೆಂದು ಮನೆಯ ಗಂಡಸರು ಅಂದುಕೊಳ್ಳುತ್ತಾರೆ. ಬದನೆಕಾಯಿ ಹುಳುಕೇ ಎಂದು ತಿರುಗಿಸಿ ನೋಡುವ ನಾವು ಚಿನ್ನದ ಚೌಕಟ್ಟು ಹಾಕಿದ ಕಾಗದ ಕಂಡೊಡನೆ ಏಕೆ ಸುಮ್ಮನಾಗಬೇಕು? ತೂಕ ಕೇಳಿ, ಅಂಚು ನೋಡಿ, ಇಸವಿಗೂ ಚಿತ್ರಕ್ಕೂ ತಾಳೆ ಹಾಕಿ. ಕೊಳ್ಳುವ ಮೊದಲೇ ಕೇಳಿ.

ನಾಣ್ಯ ಈಗಲೂ ಷೋಕೇಸಿನಲ್ಲಿದೆ. ಮಗ ಪ್ರೀತಿಯಿಂದ ತಂದದ್ದಲ್ಲವೆ? ಸರ್ಟಿಫಿಕೇಟು ಮಾತ್ರ ಒಲೆ ಸೇರಿತು. ಅದಿದ್ದ ಕಡೆ ನಾನೇ ಒಂದು ಚೀಟಿ ಬರೆದಿಟ್ಟಿದ್ದೇನೆ: ‘ನಕಲು’. ಬಂದವರೆದುರು ಇವರಿಗೆ ಮುಜುಗರವಾಗುತ್ತದಂತೆ. ಆಗಲಿ.